ಗೋಡೆ ಎಸಿ ಕೈಕೊಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ನಾನು ನೋಡುವುದು

"ಎಸಿ ಸರಿಯಿಲ್ಲ" ಎಂದಷ್ಟೇ ಹೇಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿರುವುದು ಗೋಡೆ ಕೊರೆದು, ಅರ್ಧ ಒಳಗೆ ಅರ್ಧ ಹೊರಗೆ ಮುಖ ಮಾಡಿ ಕೂರಿಸಿದ ಯೂನಿಟ್. ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ, ಎರಡೂ ಒಂದೇ ಪೆಟ್ಟಿಗೆಯಲ್ಲಿ. ಅದು ಮುನಿಸಿಕೊಂಡಾಗಲೆಲ್ಲ ನಾನು ಮೊದಲು ನೋಡುವುದು ಒಂದೇ: ಮೆಷಿನ್‌ಗೆ ಜೀವವೇ ಇಲ್ಲವೋ, ಗಾಳಿ ಕಮ್ಮಿಯಾಗಿದೆಯೋ, ಅಥವಾ ಗಾಳಿ ಚೆನ್ನಾಗಿ ಬರುತ್ತಿದ್ದರೂ ತಂಪೋ ಬಿಸಿಯೋ ಆಗುತ್ತಿಲ್ಲವೋ. ಈ ಮೂರಕ್ಕೂ ಹುಡುಕುವ ಜಾಗ ಬೇರೆ ಬೇರೆ.

ಜೀವವೇ ಇಲ್ಲದಿದ್ದರೆ ಕೆಲಸ ಸುಲಭ. ಇಂಥ ಹಲವು ಯೂನಿಟ್‌ಗಳ ಪ್ಲಗ್ಗಿನಲ್ಲೇ ಟೆಸ್ಟ್, ರೀಸೆಟ್ ಎಂಬ ಎರಡು ಪುಟ್ಟ ಬಟನ್‌ಗಳಿರುತ್ತವೆ. ವೈರಿನಲ್ಲಿ ಕರೆಂಟ್ ಸೋರಿದರೆ ಪ್ಲಗ್ ತಾನೇ ಕಟ್ ಆಗುತ್ತದೆ. ರೀಸೆಟ್ ಒತ್ತಿ ನೋಡುತ್ತೇನೆ. ಆಮೇಲೆ ಬ್ರೇಕರ್. ಕೆಲವು ಬ್ರೇಕರ್ ಟ್ರಿಪ್ ಆದಾಗ ನಡುವೆ ನಿಂತಿರುತ್ತವೆ, ಅದನ್ನು ಪೂರ್ತಿ ಆಫ್‌ಗೆ ಎಳೆದು ಆಮೇಲೆ ಆನ್ ಮಾಡಬೇಕು. ಇದನ್ನು ಒಂದೇ ಸಲ ಮಾಡುವುದು. ಮತ್ತೆ ಬಿದ್ದರೆ ನಾನು ಕೈ ಹಾಕುವುದಿಲ್ಲ, ಪ್ಲಗ್ ಬಿಸಿಯಾಗಿದ್ದರೆ ಅಥವಾ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಆಫ್ ಮಾಡಿ ಆನ್ ಮಾಡಿದ ತಕ್ಷಣ ಫ್ಯಾನ್ ಮಾತ್ರ ತಿರುಗಿದರೆ ಗಾಬರಿ ಬೇಡ. ಕಂಪ್ರೆಸರ್, ಅಂದರೆ ತಂಪು ಮಾಡುವ ಗ್ಯಾಸನ್ನು ಒತ್ತಿ ಪೈಪಿನಲ್ಲಿ ಸುತ್ತಿಸುವ ಭಾಗ, ಸುಮಾರು 3 ನಿಮಿಷ ಬೇಕಂತಲೇ ಸುಮ್ಮನಿರುತ್ತದೆ. ಒಳಗಿನ ಒತ್ತಡ ಸಮವಾಗದೆ ಶುರುವಾದರೆ ಅದಕ್ಕೇ ಏಟು. ಎಷ್ಟೋ ಜನ ಅಷ್ಟರಲ್ಲಿ ತಾಳ್ಮೆ ಕಳೆದುಕೊಂಡು ಮತ್ತೆ ಬಟನ್ ಒತ್ತುತ್ತಾರೆ, ಆ 3 ನಿಮಿಷ ಮತ್ತೆ ಮೊದಲಿಂದ ಎಣಿಕೆಯಾಗುತ್ತದೆ.

ಗಾಳಿ ಕಮ್ಮಿ ಎನ್ನುವ ದೂರಿಗೆ ಹೆಚ್ಚಿನ ಸಲ ಫಿಲ್ಟರೇ ಕಾರಣ. ಜಾಸ್ತಿ ಓಡಿಸುವ ದಿನಗಳಲ್ಲಿ ತಿಂಗಳಿಗೊಮ್ಮೆ ಅದನ್ನು ಕಳಚಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸುತ್ತೇನೆ. ಒದ್ದೆ ಫಿಲ್ಟರ್ ಹಾಕಿದರೆ ಧೂಳು ಇನ್ನೂ ಬೇಗ ಹಿಡಿಯುತ್ತದೆ, ವಾಸನೆಯೂ ಬರುತ್ತದೆ. ಫಿಲ್ಟರ್ ಹಿಂದೆ ಕಾಯಿಲ್ (ಗ್ಯಾಸ್ ಹರಿಯುವ ಪೈಪಿನ ಸುತ್ತು) ಇದೆ, ಅದರ ಅಲ್ಯೂಮಿನಿಯಂ ಎಳೆಗಳು ಬ್ಲೇಡಿನಷ್ಟು ಚೂಪು, ಮುಟ್ಟಿದರೆ ಬಾಗುವಷ್ಟು ಮೆತ್ತಗೆ. ಪ್ಲಗ್ ಕಿತ್ತ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಎಳೆ ಹೋದ ದಿಕ್ಕಿಗೇ ಮೇಲಿಂದ ಕೆಳಗೆ ಉಜ್ಜಬೇಕು, ಅಡ್ಡಕ್ಕೆ ಉಜ್ಜಿದರೆ ಗಾಳಿಯ ದಾರಿ ಮುಚ್ಚಿದಂತೆ. ಹೊರಗಡೆಯ ಜಾಲರಿಯನ್ನೂ ನೋಡಿ. ಒಣಗಿದ ಎಲೆ, ಪ್ಲಾಸ್ಟಿಕ್ ಕವರು, ಹಕ್ಕಿ ಗೂಡು, ಯಾವುದು ಬೇಕಾದರೂ ಇರಬಹುದು. ಕೋಣೆಯಿಂದ ಹೀರಿದ ಶಾಖವೆಲ್ಲ ಅಲ್ಲಿಂದಲೇ ಹೊರಹೋಗಬೇಕಲ್ವಾ?

ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ಕೆರೆಯಲು ಹೋಗಬೇಡಿ. ಕೂಲ್ ಆಫ್ ಮಾಡಿ, ಫ್ಯಾನ್ ಮಾತ್ರ ಓಡಿಸಿ ಪೂರ್ತಿ ಕರಗಲು ಬಿಡಿ. ಗಾಳಿ ಸಾಲದೆ ಮಂಜು ಕಟ್ಟಿದ್ದರೆ ಫಿಲ್ಟರ್ ತೊಳೆದ ಮೇಲೆ ಸಮಸ್ಯೆ ಹೋಗುತ್ತದೆ. ಎಲ್ಲ ಸ್ವಚ್ಛವಿದ್ದೂ ಮತ್ತೆ ಕಟ್ಟಿದರೆ ಗ್ಯಾಸ್ ಕಮ್ಮಿಯಾಗಿರುವ ಸಾಧ್ಯತೆ ಇದೆ.

ಈಗ ಮೂರನೆಯದು, ನನ್ನ ಪ್ರಕಾರ ಎಲ್ಲರೂ ಊಹೆಯ ಮೇಲೆ ನಡೆಯುವ ಜಾಗ. ಕೈ ಒಡ್ಡಿ ನೋಡಿ "ತಂಪಿಲ್ಲ" ಎನ್ನುವ ಬದಲು ನಾನು ಒಂದು ಸಾದಾ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಕೂಲ್‌ನಲ್ಲಿ 15 ನಿಮಿಷ ಓಡಿದ ಮೇಲೆ ಯೂನಿಟ್ ಗಾಳಿ ಎಳೆಯುವ ಜಾಗದಲ್ಲಿ ಒಮ್ಮೆ, ಗಾಳಿ ಬಿಡುವ ಜಾಗದಲ್ಲಿ ಒಮ್ಮೆ ಹಿಡಿಯುತ್ತೇನೆ. ಎರಡರ ನಡುವೆ 8ರಿಂದ 11 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ ಮೆಷಿನ್ ತನ್ನ ಕೆಲಸ ಮಾಡುತ್ತಿದೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸ್ವಲ್ಪ ಕಮ್ಮಿ ಬರಬಹುದು. ವ್ಯತ್ಯಾಸ ಸರಿಯಿದ್ದೂ ಕೋಣೆ ತಣ್ಣಗಾಗುತ್ತಿಲ್ಲವೆಂದರೆ ತಪ್ಪು ಕೋಣೆಯದು. ಪರದೆ ಯೂನಿಟ್ ಮುಂದೆ ಇಳಿಬಿದ್ದು ತಂಪು ಗಾಳಿ ತಿರುಗಿ ಒಳಕ್ಕೇ ಹೋಗುತ್ತಿರಬಹುದು, ಗೋಡೆಗೂ ಪೆಟ್ಟಿಗೆಗೂ ನಡುವೆ ಸಂದು ಬಿಟ್ಟಿರಬಹುದು. ಇನ್ನೊಂದು, ಹೊರಗಿನ ಗಾಳಿ ಬಿಡುವ ಪುಟ್ಟ ಕಿಂಡಿ. ಅದಕ್ಕೊಂದು ಸಣ್ಣ ಹಿಡಿ ಇರುತ್ತದೆ, ಯಾರೋ ಯಾವಾಗಲೋ ತೆರೆದಿಟ್ಟದ್ದು ವರ್ಷಗಟ್ಟಲೆ ಹಾಗೇ ಇರುತ್ತದೆ.

ಎರಡೂ ಮೋಡ್ ಓಡಿಸಿ ನೋಡುವುದು ಇನ್ನೊಂದು ಒಳ್ಳೆ ದಾರಿ. ಆದರೆ ನಿಮ್ಮ ಯೂನಿಟ್ ಬಿಸಿ ಮಾಡುವುದು ಹೇಗೆ ಎಂದು ಮೊದಲು ತಿಳಿದಿರಬೇಕು. ಕೆಲವು ವಿದ್ಯುತ್ ಹೀಟರ್‌ನಿಂದ ಮಾಡುತ್ತವೆ. ಕೆಲವು ಹೀಟ್ ಪಂಪ್, ಅಂದರೆ ಅದೇ ಕಂಪ್ರೆಸರ್ ಗ್ಯಾಸನ್ನು ತಿರುಗಿಸಿ ಓಡಿಸಿ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಹೀಟರ್ ಇರುವುದರಲ್ಲಿ ಬಿಸಿ ಬಂದು ತಂಪು ಬರದಿದ್ದರೆ ಕರೆಂಟು, ಫ್ಯಾನು ಸರಿಯಿವೆ, ಅನುಮಾನ ಕಂಪ್ರೆಸರ್ ಕಡೆಗೆ. ಹೀಟ್ ಪಂಪಿನಲ್ಲಿ ತಂಪು ಚೆನ್ನಾಗಿ ಬಂದು ಬಿಸಿ ಮಾತ್ರ ಬರದಿದ್ದರೆ ಕಂಪ್ರೆಸರ್ ಬದುಕಿದೆ, ಹೆಚ್ಚಾಗಿ ಗ್ಯಾಸೂ ಇದೆ, ಆಗ ದಿಕ್ಕು ಬದಲಿಸುವ ವಾಲ್ವ್ ಅಥವಾ ಬೋರ್ಡಿನ ಮೇಲೆ ಅನುಮಾನ. ಇದನ್ನು ನಾವು ರಿಪೇರಿ ಮಾಡಲಾಗುವುದಿಲ್ಲ, ನಿಜ, ಆದರೆ ಬಂದವರು ಬಾಗಿಲಲ್ಲೇ "ಗ್ಯಾಸ್ ಖಾಲಿ" ಎಂದರೆ ಸುಮ್ನೆ ತಲೆಯಾಡಿಸಬೇಕಾಗಿಲ್ಲ. ಗ್ಯಾಸ್ ಬಳಸಿ ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿದೆ, ಸೋರಿಕೆ ಮುಚ್ಚದೆ ತುಂಬಿಸಿದರೆ ಅದೂ ಹೋಗುತ್ತದೆ.

ಹೀಟ್ ಪಂಪಿನ ಗಾಳಿ ಹೀಟರಿನಷ್ಟು ಸುಡುವುದಿಲ್ಲ. ಹೆಚ್ಚಿನ ಸಲ ಮೈಯ ಬಿಸಿಗಿಂತ ತುಂಬಾ ಹೆಚ್ಚಿರದ ಕಾರಣ ಕೈಗೆ ಬೆಚ್ಚಗೆ ಮಾತ್ರ ಅನಿಸುತ್ತದೆ. ಕೊರೆಯುವ ಚಳಿಯಲ್ಲಿ ಆಗಾಗ ಕೆಲವು ನಿಮಿಷ ಬಿಸಿ ನಿಲ್ಲಿಸಿ ಹೊರಗಿನ ಕಾಯಿಲ್ ಮೇಲೆ ಕಟ್ಟಿದ ಮಂಜನ್ನು ಕರಗಿಸಿಕೊಳ್ಳುತ್ತದೆ, ಆಗ ಹೊರಗಡೆ ಹಬೆಯೂ ಏಳಬಹುದು, ಅದು ಕೆಟ್ಟಿದ್ದಲ್ಲ. ಚಳಿಗಾಲದಲ್ಲಿ ಮೊದಲ ಸಲ ಹೀಟರ್ ಹಾಕಿದಾಗ ಬರುವ ಧೂಳು ಸುಟ್ಟ ವಾಸನೆಯೂ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಹೋಗದಿದ್ದರೆ, ಅಥವಾ ಪ್ಲಾಸ್ಟಿಕ್ ಸುಟ್ಟ ವಾಸನೆಯಿದ್ದರೆ, ತಕ್ಷಣ ಬ್ರೇಕರ್ ಆಫ್.

ಹೊರಗಿನಿಂದ ನೀರು ಚಿಮ್ಮುವ ಸದ್ದು ಕೇಳಿದರೂ ಚಿಂತೆಯಿಲ್ಲ. ಹಲವು ಯೂನಿಟ್‌ಗಳಲ್ಲಿ ಫ್ಯಾನೇ ಕೆಳಗಿನ ಟ್ರೇಯಲ್ಲಿ ಸೇರಿದ ನೀರನ್ನು ಎತ್ತಿ ಬಿಸಿ ಕಾಯಿಲ್ ಮೇಲೆ ಎರಚುತ್ತದೆ. ನೀರು ಕೋಣೆಯೊಳಗೆ ಬಂದರೆ ಮಾತ್ರ ಯೂನಿಟ್ ಒಳಕ್ಕೆ ವಾಲಿದೆಯೋ, ನೀರು ಹೋಗುವ ತೂತು ಪಾಚಿ ಕಟ್ಟಿದೆಯೋ ನೋಡುತ್ತೇನೆ. ಟ್ರೇಗೆ ಹೊಸ ತೂತು ಕೊರೆಯುವ ಸಲಹೆ ಕೊಡುವವರ ಮಾತು ಕೇಳಬೇಡಿ. ಪೆಟ್ಟಿಗೆಯನ್ನು ಒಬ್ಬರೇ ಹೊರಗೆಳೆಯಲೂ ಹೋಗಬೇಡಿ, ತುಂಬಾ ಭಾರ. ಒಳಗಿನ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗ) ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಹುದು, ಹಾಗಾಗಿ ಫಿಲ್ಟರ್, ಮುಂದಿನ ಮುಚ್ಚಳ, ಕಣ್ಣಿಗೆ ಕಾಣುವ ಕಾಯಿಲ್, ಇಷ್ಟಕ್ಕೇ ನನ್ನ ಗಡಿ.

ಇಷ್ಟಾದರೂ ಸರಿಹೋಗದಿದ್ದರೆ ಫೋನ್ ಮಾಡುತ್ತೇನೆ. ಮುಂದಿನ ಮುಚ್ಚಳ ತೆಗೆದರೆ ಕಾಣುವ ಪಟ್ಟಿಯ ಮೇಲಿನ ಮಾಡೆಲ್ ನಂಬರ್, ಎರಡು ಜಾಗದ ಡಿಗ್ರಿ, ಕಂಪ್ರೆಸರ್ ಸದ್ದು ಬರುತ್ತಿದೆಯೋ ಇಲ್ಲವೋ, ಯಾವ ಮೋಡ್‌ನಲ್ಲಿ ತೊಂದರೆ, ಇದನ್ನು ಮೊದಲೇ ಹೇಳುತ್ತೇನೆ, ಅವರು ಬೇಕಾದ ಭಾಗ ಹಿಡಿದೇ ಬರಬಹುದು. ಡಿಸ್ಪ್ಲೇ ಮೇಲೆ ಏನಾದರೂ ಕೋಡ್ ಬಂದಿದ್ದರೆ ಪ್ಲಗ್ ಕೀಳುವ ಮೊದಲೇ ಫೋಟೋ ತೆಗೆದಿಡಿ, ಕೆಲವು ಯೂನಿಟ್‌ಗಳಲ್ಲಿ ಕರೆಂಟ್ ಹೋದರೆ ಅದು ಅಳಿಸಿಹೋಗುತ್ತದೆ.