ಸೀಸನ್ ಮುಗಿದ ಮೇಲೇ ಜಾಸ್ತಿ ಹುಷಾರು: ಆಟಗಾರರ ಮನಸ್ಸು ನೋಡ್ಕೊಳೋದು ಹೇಗೆ

ಸ್ಟೇಟ್ ಟೀಮಲ್ಲಿ ಆಡೋರು ಮನೇಲಿದ್ರೆ, ಅಥವಾ ನೀವೇ ಆಡ್ತಿದ್ರೆ, ಒಂದು ವಿಷ್ಯ ತಲೇಲಿಟ್ಕೊಳಿ, ಮನಸ್ಸು ಕುಸಿಯೋದು ಸೋತಾಗ ಮಾತ್ರ ಅಲ್ಲ. ನಮ್ಮ ರಾಬಿನ್ ಉತ್ತಪ್ಪ 2020ರಲ್ಲಿ ಬಾಯ್ಬಿಟ್ಟು ಹೇಳಿದ್ರಲ್ಲ, 2009ರಿಂದ 2011ರ ತನಕ ಡಿಪ್ರೆಶನ್ ಇತ್ತು, ಸಾಯೋ ಯೋಚ್ನೆನೂ ಬರ್ತಿತ್ತು, ಕ್ರಿಕೆಟ್ ಇದ್ದಾಗ ಹೇಗೋ ಗಮನ ಆ ಕಡೆ ಹೋಗ್ತಿತ್ತು, ಮ್ಯಾಚ್ ಇಲ್ಲದ ದಿನ ಮತ್ತೆ ಆಫ್ ಸೀಸನ್‌ನಲ್ಲೇ ತುಂಬ ಕಷ್ಟ ಆಗ್ತಿತ್ತು ಅಂತ. ಶೂಟರ್ ಅಭಿನವ್ ಬಿಂದ್ರಾಗೂ ಅಷ್ಟೇ, 2008ರ ಬೀಜಿಂಗ್ ಚಿನ್ನ ಗೆದ್ದ ಮೇಲೇನೇ ಖಾಲಿ ಖಾಲಿ ಅನ್ನಿಸೋಕೆ ಶುರುವಾಗಿದ್ದು.

ಅದಕ್ಕೇ ಸೀಸನ್ ಶುರುವಾಗೋ ಮುಂಚೆನೇ ಕ್ಯಾಲೆಂಡರ್ ತಗೊಂಡು ಗುರುತು ಹಾಕಿ. ಫಿಟ್‌ನೆಸ್ ಟೆಸ್ಟ್ ಇರೋ ವಾರದಲ್ಲೇ ಸೈಕಾಲಜಿಸ್ಟ್ ಹತ್ರ ಒಂದ್ಸಲ ಕೂತು ಮಾತಾಡಿ, ನಿದ್ದೆ ಹೇಗಿದೆ, ಹಸಿವು ಹೇಗಿದೆ, ಮೂಡ್ ಹೇಗಿದೆ ಅಂತ ಬರೆದಿಟ್ಕೊಂಡ್ರೆ ಆಮೇಲೆ ಏನು ಬದಲಾಯ್ತು ಅಂತ ಗೊತ್ತಾಗತ್ತೆ. ಆಟಗಾರರ ಮನಸ್ಸಿನ ಆರೋಗ್ಯ ನೋಡೋಕೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ತಂದಿರೋ ಪರೀಕ್ಷಾ ಕ್ರಮಾನೂ ಹೀಗೇ ಹೇಳೋದು, ಸೀಸನ್‌ಗೆ ಮುಂಚೆ ಒಂದ್ಸಲ, ಆಮೇಲೆ ಗಾಯ ಆದಾಗ, ದೊಡ್ಡ ಟೂರ್ನಿ ಮುಗಿದಾಗ ಮತ್ತೆ ನೋಡಿ ಅಂತ.

ಸೀಸನ್ ಮಧ್ಯೆ ಫೋನ್ ಮಾಡಿದಾಗ ಮೊದ್ಲೇ ಎಷ್ಟು ರನ್ ಹೊಡ್ದೆ ಅಂತ ಕೇಳ್ಬೇಡಿ, ದಯವಿಟ್ಟು. ನಿದ್ದೆ ಬಂತಾ, ಯಾರ ಜೊತೆ ಊಟ ಮಾಡ್ದೆ ಅಂತ ಕೇಳಿ. ಎರಡು ವಾರ ನಿದ್ದೆ ಕೆಟ್ಟಿದ್ರೆ, ಸಣ್ಣದಕ್ಕೂ ರೇಗ್ತಿದ್ರೆ, ರೂಮಿಂದ ಹೊರಗೇ ಬರ್ತಿಲ್ಲ ಅಂದ್ರೆ ಟೂರ್ ಮುಗೀಲಿ ಅಂತ ಕಾಯ್ಬೇಡಿ. ಆಸ್ಟ್ರೇಲಿಯಾದ ಕ್ರಿಕೆಟರ್ ಮ್ಯಾಕ್ಸ್‌ವೆಲ್ 2019ರಲ್ಲಿ ಶ್ರೀಲಂಕಾ ಸರಣಿ ಮಧ್ಯದಲ್ಲೇ ಮನಸ್ಸಿನ ಆರೋಗ್ಯಕ್ಕೆ ಅಂತ ಬ್ರೇಕ್ ತಗೊಂಡ್ರು, ವಾಪಸ್ ಬಂದು ವರ್ಷಗಟ್ಟಲೆ ಆಡಿದ್ರು.

ಗಾಯ ಆದವರನ್ನ ಸೀದಾ ಮನೆಗೆ ಕಳ್ಸಿಬಿಡೋದು ನನ್ನ ಪ್ರಕಾರ ದೊಡ್ಡ ತಪ್ಪು. ಮಂಡಿ ಆಪರೇಶನ್ ಆದ್ರೆ ತಿಂಗಳುಗಟ್ಟಲೆ ಆಟ ಇಲ್ಲ, ಟೀಮ್ ಗ್ರೂಪಲ್ಲಿ ಮಾತೂ ನಿಂತೋಗತ್ತೆ, ಬೆಳಗ್ಗೆ ಎದ್ದು ಮಾಡೋಕೇ ಏನಿರಲ್ಲ. ಕೋಚ್‌ಗಳೇ, ಅವರನ್ನ ಮೀಟಿಂಗ್‌ಗೆ ಕರೀರಿ, ನೆಟ್ಸಲ್ಲಿ ಜೂನಿಯರ್‌ಗಳನ್ನ ನೋಡ್ಕೊಳೋಕೆ ಹೇಳಿ.

ಮಾತ್ರೆ ತಗೊಂಡ್ರೆ ಡೋಪಿಂಗ್ ಆಗತ್ತೆ ಅಂತ ಹೆದರೋರು ಜಾಸ್ತಿ. ಡಿಪ್ರೆಶನ್‌ಗೆ ಸಾಮಾನ್ಯವಾಗಿ ಕೊಡೋ ಮಾತ್ರೆಗಳು ನಿಷೇಧದ ಪಟ್ಟೀಲಿಲ್ಲ, ಆದ್ರೆ ನಡುಕಕ್ಕೆ ಕೊಡೋ ಬೀಟಾ ಬ್ಲಾಕರ್ ಶೂಟಿಂಗ್, ಆರ್ಚರಿಯಲ್ಲಿ ನಿಷೇಧ, ಎಡಿಎಚ್‌ಡಿಗೆ (ಒಂದ್ಕಡೆ ಗಮನ ನಿಲ್ಲದ ತೊಂದ್ರೆ) ಕೊಡೋ ಕೆಲವು ಮಾತ್ರೆಗೆ ಮೊದ್ಲೇ ಅನುಮತಿ ಬೇಕು. ಡಾಕ್ಟರ್‌ಗೆ ನನಗೆ ಡೋಪ್ ಟೆಸ್ಟ್ ಇರತ್ತೆ ಅಂತ ಹೇಳಿ, ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ.

ಕೊನೇ ಮ್ಯಾಚ್‌ಗೆ ಮುಂಚೆನೇ ಆಫ್ ಸೀಸನ್ ಪ್ಲಾನ್ ಮಾಡಿ, ಮೊದಲ ವಾರ ಪೂರ್ತಿ ರೆಸ್ಟ್, ಆಮೇಲೆ ಊರು, ಫ್ರೆಂಡ್ಸ್, ಓದು, ಆಟಕ್ಕೆ ಸಂಬಂಧಾನೇ ಇಲ್ಲದ ಏನಾದ್ರೂ, ಎರಡು ಮೂರು ವಾರ ಬಿಟ್ಟು ಸೈಕಾಲಜಿಸ್ಟ್ ಹತ್ರ ಇನ್ನೊಂದು ಅಪಾಯಿಂಟ್‌ಮೆಂಟ್. ರಾತ್ರಿ ಹೊತ್ತಲ್ಲಿ ಯಾರೂ ಸಿಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ಸಾಯೋ ಮಾತು ಬಾಯಿಗೆ ಬಂತು ಅಂದ್ರೆ ಮಾತ್ರ ಫೋನಲ್ಲೇ ಸಮಾಧಾನ ಮಾಡ್ತಾ ಕೂರ್ಬೇಡಿ, ಯಾರಾದ್ರೂ ಜೊತೆಗಿದ್ದು ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ಹೋಗಿ.