ಬ್ಲೂಸ್ ಕುಣಿಯೋಕೆ ಮೊದಲು ಹೆಬ್ಬೆರಳು ಬಿಡಿ

ಮೊದಲ ದಿನ ನನ್ನ ಜೊತೆ ಕುಣಿದವರಿಗೆ ಅರವತ್ತು ದಾಟಿತ್ತು. ಹಾಡು ಅರ್ಧ ಆಗುವಷ್ಟರಲ್ಲಿ ನಿಂತು, ನಗುತ್ತಲೇ "ನಿನ್ನ ಹೆಬ್ಬೆರಳು ನೋಯಿಸ್ತಿದೆ" ಅಂದರು. ನೋಡಿದರೆ, ಬಿಎಂಟಿಸಿ ಬಸ್ಸಿನ ಕಂಬಿ ಹಿಡಿದ ಹಾಗೆ ಅವರ ಕೈ ಹಿಡಿದಿದ್ದೆ! ಷಿಕಾಗೋದಲ್ಲಿ ನನಗದು ಎರಡನೇ ಚಳಿಗಾಲ. ಆಫೀಸು, ಮನೆ ಬಿಟ್ಟು ಬೇರೇನಾದರೂ ಬೇಕು ಅಂತ ಬ್ಲೂಸ್ ಕಲಿಯೋಕೆ ಹೋಗಿದ್ದೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತಕ್ಕೆ ಜೋಡಿಯಾಗಿ ಕುಣಿಯೋದು ಇದು. ಈಗ ಹೊಸಬರು ಬಂದರೆ ನಾನು ಮೊದಲು ಹೇಳುವುದೂ ಅದನ್ನೇ. ಹೆಬ್ಬೆರಳು ಬಿಡಿ. ನಿಮ್ಮ ಬೆರಳುಗಳ ಮೇಲೆ ಅವರ ಬೆರಳು ಸುಮ್ನೆ ಕೂತಿದ್ದರೆ ಸಾಕು.

ಇನ್ನು ನಿಲ್ಲುವ ರೀತಿ. ಕಬಡ್ಡಿಯಲ್ಲಿ ರೈಡ್‌ಗೆ ಹೋಗುವವನು ಹೇಗೆ ನಿಲ್ಲುತ್ತಾನೆ? ಮಂಡಿ ಸಡಿಲ, ಸೊಂಟ ಸ್ವಲ್ಪ ಹಿಂದೆ, ಎದೆ ಸ್ವಲ್ಪ ಮುಂದೆ, ಭಾರ ಮುಂಗಾಲಿನ ಕಡೆ. ಅದನ್ನೇ ಅರ್ಧ ಕಡಿಮೆ ಮಾಡಿ. ತಾಳ ಬಿದ್ದಾಗಲೆಲ್ಲ ಮಂಡಿ ಒಂಚೂರು ಕುಸಿದು ಏಳಲಿ. ಇದಕ್ಕೆ ಪಲ್ಸ್ ಅಂತಾರೆ. ಹಾಡು ಮುಗಿಯುವವರೆಗೂ ಇದು ಒಳಗೊಳಗೇ ನಡೀತಾ ಇರಬೇಕು.

ಕಾಲು ಇಟ್ಟ ಮಾತ್ರಕ್ಕೆ ಹೆಜ್ಜೆ ಆಗಲ್ಲ, ಭಾರ ಪೂರ್ತಿ ಆ ಕಾಲಿಗೆ ಬರಬೇಕು. ಅಡುಗೆಮನೆಯಲ್ಲಿ ದೋಸೆ ಬೇಯುವವರೆಗೆ ಅಭ್ಯಾಸ ಮಾಡಿ: ಬಲಕ್ಕೆ ಭಾರ ಹಾಕಿ, ಎಡಗಾಲು ಎತ್ತಿ ನೋಡಿ. ಮೈ ವಾಲಿದರೆ ಭಾರ ಇನ್ನೂ ನಡುವೆಯೇ ಇದೆ ಅಂತ ಅರ್ಥ. ನನಗೆ ಇದೊಂದಕ್ಕೇ ಒಂದು ತಿಂಗಳು ಹಿಡಿಯಿತು.

ಇದು ಬಂದರೆ ಸ್ಲೋ ಡ್ರ್ಯಾಗ್ ಬಂದ ಹಾಗೆಯೇ. ಒಂದು ಕಾಲು ಇಟ್ಟು, ಇನ್ನೊಂದನ್ನು ನೆಲ ಬಿಡದೆ ನಿಧಾನಕ್ಕೆ ಎಳೆದುಕೊಳ್ಳಿ. ಅಮೆರಿಕದ ದಕ್ಷಿಣದ ಕಪ್ಪು ಜನರ ಕುಣಿತ ಇದು. ವಾರವಿಡೀ ದುಡಿದವರು ಶನಿವಾರ ರಾತ್ರಿ ಜೂಕ್ ಜಾಯಿಂಟ್ ಎಂಬ ಸಣ್ಣ ಜಾಗಗಳಲ್ಲಿ ಸೇರುತ್ತಿದ್ದರು. ಅವರು ಉತ್ತರದ ಊರುಗಳಿಗೆ ವಲಸೆ ಬಂದಾಗ ಕುಣಿತವೂ ಬಂತು. 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಇಲ್ಲಿ ಷಿಕಾಗೋದಲ್ಲಿ, ಬಾಡಿಗೆ ಕಟ್ಟೋಕೆ ದುಡ್ಡಿಲ್ಲದವರು ಮನೆಯಲ್ಲೇ ಪಾರ್ಟಿ ಇಟ್ಟು ಬಂದವರಿಂದ ಕಾಸು ತೆಗೆದುಕೊಳ್ಳುತ್ತಿದ್ದರು. ಬಾಡಿಗೆ ಮನೆಯ ಕೋಣೆಯಲ್ಲಿ ಅಷ್ಟು ಜನ ತುಂಬಿದರೆ ದೊಡ್ಡ ಹೆಜ್ಜೆಗೆ ಜಾಗ ಎಲ್ಲಿ?

ಹಾಡು ಕೇಳೋದು ಕಲಿಯಲು ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ 1927ರಲ್ಲಿ ಹಾಡಿದ 'ಬ್ಯಾಕ್‌ವಾಟರ್ ಬ್ಲೂಸ್' ಹಾಕಿಕೊಳ್ಳಿ. ಪಿಯಾನೋ, ದನಿ, ಅಷ್ಟೇ. ಒಂದೊಂದು ಸುತ್ತಿಗೆ 12 ಬಾರ್, ಅಂದರೆ ತಾಳದ 12 ಆವರ್ತ. ಒಂದೊಂದು ಬಾರ್‌ಗೆ 4 ಎಣಿಕೆ, ಒಟ್ಟು 48. ಮೊದಲ 16ರಲ್ಲಿ ಒಂದು ಮಾತು, ಮುಂದಿನ 16ರಲ್ಲಿ ಹೆಚ್ಚುಕಡಿಮೆ ಅದೇ ಮಾತು, ಕೊನೆಯ 16ರಲ್ಲಿ ಅದಕ್ಕೆ ಉತ್ತರ. ಮೂರೇ ಸಾಲು! ಬೀಸುಕಲ್ಲಿನ ಮುಂದೆ ಅಜ್ಜಿ ಹೇಳುತ್ತಿದ್ದ ತ್ರಿಪದಿ ನೆನಪಾಗಿತ್ತು ನನಗೆ. ಈ ಹಾಡಿಗೆ ಕುಣಿಯುವಾಗ ಮೊದಲ ಸಾಲಿಗೆ ಬರೀ ಪಲ್ಸ್, ಎರಡನೆಯದಕ್ಕೆ ಅಕ್ಕಪಕ್ಕ ಭಾರ, ಮೂರನೆಯದಕ್ಕೆ ಡ್ರ್ಯಾಗ್. ಆಮೇಲೆ ಮತ್ತೆ ಮೊದಲಿಂದ. ಚಪ್ಪಾಳೆ ತಟ್ಟುವುದಾದರೆ ಪ್ರತಿ ಬಾರ್‌ನ 2 ಮತ್ತು 4ನೇ ಎಣಿಕೆಗೆ. ಭಜನೆಗೆ ತಾಳ ಹಾಕಿ ಬೆಳೆದ ನನ್ನ ಕೈ ಈಗಲೂ 1ಕ್ಕೇ ಓಡುತ್ತೆ.

ಜೊತೆಗಾರರು ಸಿಕ್ಕ ಮೇಲೆ: ಲೀಡ್ ಮಾಡುವವರು, ಅಂದರೆ ಕುಣಿತ ನಡೆಸುವವರು, ಕೈಯಿಂದ ತಳ್ಳಬೇಡಿ. ಎಡಕ್ಕೆ ಹೋಗೋದಾದರೆ ಮೊದಲು ನಿಮ್ಮ ಎದೆ, ಸೊಂಟ ಆ ಕಡೆ ಹೋಗಲಿ. ತೋಳು ಬಿಗಿಯೂ ಅಲ್ಲದೆ ಜೋಲೂ ಬೀಳದೆ ಇದ್ದರೆ ಜೊತೆಗಾರರಿಗೆ ತಾನಾಗಿ ಗೊತ್ತಾಗುತ್ತೆ. ಫಾಲೋ ಮಾಡುವವರು, ಅಂದರೆ ಅವರನ್ನು ಅನುಸರಿಸುವವರು, ಮುಂದಿನದನ್ನು ಊಹಿಸಬೇಡಿ, ಇಟ್ಟ ಹೆಜ್ಜೆಯನ್ನು ಪೂರ್ತಿ ಮುಗಿಸಿ. ಗಂಡಸೇ ಲೀಡ್ ಮಾಡಬೇಕು ಅಂತೇನಿಲ್ಲ. ನಾನು ಎರಡೂ ಕಲಿತೆ, ಫಾಲೋ ಮಾಡಿದ ಮೇಲೇ ನನ್ನ ಲೀಡ್ ಸುಧಾರಿಸಿದ್ದು.

ಹತ್ತಿರ ಹಿಡಿದು ಕುಣಿಯೋದಕ್ಕೆ ನಮ್ಮವರಿಗೆ ಮುಜುಗರ ಜಾಸ್ತಿ. ನನಗೂ ಇತ್ತು. ಒಂದು ಮೊಳ ದೂರ ನಿಂತೂ ಕುಣಿಯಬಹುದು, ಯಾರೂ ಏನೂ ಅನ್ನಲ್ಲ. ಹತ್ತಿರ ಬರೋದಾದರೆ ಕೇಳಿ. ಬೇಡ ಅಂದರೆ ಕಾರಣ ಕೇಳಬೇಡಿ.

ಅಡಿ ರಬ್ಬರ್‌ನದಾಗಿರುವ ಶೂ ಬೇಡ, ನೆಲ ಕಚ್ಚಿಕೊಂಡು ಮಂಡಿ ತಿರುಚುತ್ತೆ. ಚರ್ಮದ ಅಡಿ ಇರೋದು ಒಳ್ಳೆಯದು. ಚೀಲದಲ್ಲಿ ಇನ್ನೊಂದು ಅಂಗಿ ಇರಲಿ, ಬೆವರು ಸುರಿಯುತ್ತೆ. ಮತ್ತೆ ಆ ಸಂಜೆ ಬೆಳ್ಳುಳ್ಳಿ ಒಗ್ಗರಣೆ ಬೇಡ. ನಾನು ಒಂದು ಸಲ ಬೆಳ್ಳುಳ್ಳಿ ಸಾರು ಉಂಡು ಹೋಗಿದ್ದೆ, ಆ ರಾತ್ರಿ ಎಲ್ಲರೂ ಒಂದು ಮೊಳ ದೂರವೇ ನಿಂತರು.