ರೋಹಿಣಿ ಮಳೆಗೆ ಮೊದಲು ಹಳೇ ಜೀಪಿನ ಅಡಿ ಕೆಲಸ

ಕೃತ್ತಿಕೆ ಮಳೆಯ ನಡುವೆ ನಾಲ್ಕು ದಿನ ಬಿಸಿಲು ಬಿಟ್ಟಿತೆಂದರೆ ಜೀಪಿನ ಅಡಿಗೆ ಇಳಿಯಲು ಅದೇ ಕೊನೆಯ ಅವಕಾಶ. ರೋಹಿಣಿ ಹಿಡಿದು ಮೃಗಶಿರೆ ಕೂಡಿಕೊಂಡರೆ ಆಮೇಲೆ ಬಳಿದ ಬಣ್ಣ ಒಣಗುವುದಿಲ್ಲ. ಮಹೀಂದ್ರದ ಎಂಎಂ 540, ಮೇಜರ್, ಕಮಾಂಡರ್, ಯಾವುದೇ ಇರಲಿ, ಇಂಜಿನ್ನು, ಗೇರ್‌ಬಾಕ್ಸು ಬಿಚ್ಚಿ ಕೂರಿಸುವ ಕೈಗಳು ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈಗಲೂ ಸಿಗುತ್ತವೆ. ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಒಳಗಿನಿಂದ ಟೊಳ್ಳಾದ ಗಾಡಿಯನ್ನು ಮಾತ್ರ ಯಾರೂ ಉಳಿಸಲಾರರು. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುವ ಮಳೆಯಲ್ಲಿ ಗಾಡಿ ನೆನೆಯದಂತೆ ಮಾಡುವುದು ಆಗದ ಮಾತು. ನೆನೆದ ನೀರು ಎಲ್ಲೂ ನಿಲ್ಲದಂತೆ ಮಾಡಬಹುದು. ಕೆಳಗಿನ ಕೆಲಸಗಳೆಲ್ಲ ಸುಮಾರಾಗಿ ಅಷ್ಟೇ.

ಅಡಿ ಎಂದರೆ ಎಲ್ಲಿ

ಮೊದಲು ರಬ್ಬರ್ ಮ್ಯಾಟು, ಅದರಡಿಯ ಗೋಣಿ, ಸೀಟು ಎಲ್ಲ ಹೊರಗೆ. ಮ್ಯಾಟಿನಡಿ ಗೋಣಿಚೀಲ ಹಾಸುವ ರೂಢಿಯನ್ನೇ ಬಿಡಿ. ಒಮ್ಮೆ ನೆನೆದ ಗೋಣಿ ದೀಪಾವಳಿಯವರೆಗೂ ಆರುವುದಿಲ್ಲ. ನೀರು ಹೊಡೆದು ಮಣ್ಣು ತೆಗೆದು ಎರಡು ದಿನ ಬಿಸಿಲಿಗೆ ನಿಲ್ಲಿಸಿ. ಆಮೇಲೆ ಒಂದು ಸಣ್ಣ ಸುತ್ತಿಗೆ ಹಿಡಿದು ಅಡಿಗೆ ಹೋಗಿ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ಹಿಡಿದದ್ದು ಹಲಸಿನ ಕಾಯಿ ತಟ್ಟಿದಂತೆ ಡಬ್ ಎನ್ನುತ್ತದೆ. ಡ್ರೈವರ್ ಹಿಮ್ಮಡಿ ಊರುವ ಜಾಗ, ಬಾಡಿಯನ್ನು ಚಾಸಿಗೆ ಕೂರಿಸಿದ ರಬ್ಬರುಗಳ ಸುತ್ತ, ಪಟ್ಟಿ ಸ್ಪ್ರಿಂಗಿನ ಶ್ಯಾಕಲ್ ಬ್ರಾಕೆಟ್ಟು, ಹಿಂಬದಿ ಅಡ್ಡಪಟ್ಟಿಯ ಒಳಮೈ, ಬ್ಯಾಟರಿ ತಟ್ಟೆ: ಈ ಐದು ಕಡೆ ಎರಡೆರಡು ಸಲ ತಟ್ಟಿ.

ಚಾಸಿಯ ಡಬ್ಬಿ ಆಕಾರದ ಭಾಗಗಳ ತಳದಲ್ಲಿ ನೀರು ಇಳಿಯಲು ಓಟೆಗಳಿರುತ್ತವೆ. ಬಹಳಷ್ಟು ಗಾಡಿಗಳಲ್ಲಿ ಅವು ಜಂಬಿಟ್ಟಿಗೆ ಮಣ್ಣಿನಿಂದ ಸಿಮೆಂಟು ಹಾಕಿದಂತೆ ಮುಚ್ಚಿರುತ್ತವೆ. ಹಳೇ ಸ್ಕ್ರೂಡ್ರೈವರಿನಿಂದ ಚುಚ್ಚಿ ತೆಗೆದು ಒಂದು ಕಡೆಯಿಂದ ನೀರು ಬಿಡಿ. ಇನ್ನೊಂದು ಕಡೆ ಕೆಂಪು ನೀರು ಹೋಗಿ ತಿಳಿ ನೀರು ಬರುವವರೆಗೆ ನಿಲ್ಲಿಸಬೇಡಿ. ಫ್ಲೋರಿನಲ್ಲಿ ತಗ್ಗು ಬಿದ್ದು ನೀರು ನಿಲ್ಲುತ್ತಿದ್ದರೆ ಅತಿ ತಗ್ಗಿನ ಬಿಂದುವಿನಲ್ಲಿ 10 ಮಿ.ಮೀ. ಓಟೆ ಕೊರೆದು ಅಂಚಿಗೆ ಪ್ರೈಮರ್ ಬಳಿದು ಬಿಡುವುದು ವಾಸಿ.

ಮೇಲುಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ತೆಳ್ಳಗೆ ಬಳಿದು, ಅದು ಕಪ್ಪಾಗಿ ಪೂರ್ತಿ ಒಣಗಿದ ಮೇಲೆ ಎರಡು ಕೋಟ್ ಪ್ರೈಮರ್, ಅದರ ಮೇಲೆ ಎನಾಮೆಲ್. ಬರೀ ಪ್ರೈಮರ್ ಹೊಡೆದು ಬಿಟ್ಟರೆ ಅದು ನೀರು ಕುಡಿಯುತ್ತದೆ. ಆರಿದ್ರೆ ಮಳೆ ಮುಗಿಯುವುದರೊಳಗೆ ಅದರಡಿಯಿಂದಲೇ ಗುಳ್ಳೆ ಏಳುತ್ತದೆ. ತೂತು ಬಿದ್ದ ಕಡೆ ತುಕ್ಕಿನ ಅಂಚು ಪೂರಾ ಕತ್ತರಿಸಿ 18 ಗೇಜ್ ತಗಡು ವೆಲ್ಡ್ ಮಾಡಿಸಿ. ಹಳೇ ತಗಡಿನ ಮೇಲೆ ಹೊಸ ತಗಡು ಹೊದಿಸುವ ಟಿಂಕರಿಂಗು ಬೇಡವೇ ಬೇಡ, ಎರಡರ ನಡುವೆ ನೀರು ನಿಲ್ಲುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ಎರಡೂ ತಂತಿ ಕಳಚಿ.

ಕಪ್ಪು ಡಾಂಬರಿನ ಅಂಡರ್‌ಕೋಟಿಂಗ್ ಬಗ್ಗೆ ಒಂದು ಮಾತು. ಹೊಸ ಕಬ್ಬಿಣದ ಮೇಲೆ ಅದು ಒಳ್ಳೆಯದೇ. ತುಕ್ಕಿನ ಮೇಲೆ ಹೊಡೆದರೆ ಎರಡನೇ ವರ್ಷ ಬಿರುಕು ಬಿಟ್ಟು, ಬಿರುಕಿನಲ್ಲಿ ನೀರು ಇಳಿದು, ಹೊರಗಿನಿಂದ ನೋಡಲು ಚೆಂದ, ಒಳಗೆ ಪುಡಿ. ಸುಟ್ಟ ಇಂಜಿನ್ ಆಯಿಲ್ ಬಳಿಯುವ ಹಳೇ ಪದ್ಧತಿ ಕಬ್ಬಿಣಕ್ಕೆ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದು ಬುಶ್ಶು, ಬ್ರೇಕ್ ಹೋಸಿನ ರಬ್ಬರನ್ನು ಊದಿಸುತ್ತದೆ, ತೊಟ್ಟಿಕ್ಕಿ ಹಳ್ಳದ ನೀರಿಗೂ ಸೇರುತ್ತದೆ. ಚಾಸಿಯ ಒಳಮೈಗೆ ಮೇಣದ ಕ್ಯಾವಿಟಿ ವ್ಯಾಕ್ಸನ್ನು ಉದ್ದ ನಳಿಕೆಯಿಂದ ಸಿಂಪಡಿಸಿ. ಓಟೆಗಳಿಂದ ತೊಟ್ಟಿಕ್ಕಿದರೆ ಒಳಗೆಲ್ಲ ಹರಡಿದೆ ಎಂದು ಅರ್ಥ.

ಮೈಲುತುತ್ತದ ಡ್ರಮ್ಮು

ತೋಟದ ಜೀಪುಗಳ ಹಿಂಬದಿ ತಗಡು ಉಳಿದ ಗಾಡಿಗಳಿಗಿಂತ ಬೇಗ ಹೋಗುವುದಕ್ಕೆ ಮಳೆಯೊಂದೇ ಕಾರಣವಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಲೆಕ್ಕ ಹಾಕಿ, ಹದ ನೋಡಲು ಚಾಕು ಅದ್ದುತ್ತೇವಲ್ಲ. ಚಾಕಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎನ್ನುತ್ತೇವೆ. ಆ ಕೆಂಪು ತಾಮ್ರ. ಅಷ್ಟೇ ತಾಮ್ರ ಕೂರಲು ಅಷ್ಟು ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿದೆ. ಮೈಲುತುತ್ತದ ನೀರು ಜೀಪಿನ ತಗಡಿನ ಮೇಲೆ ಚೆಲ್ಲಿದಾಗಲೂ ನಡೆಯುವುದು ಇದೇ. ಸಾಲದ್ದಕ್ಕೆ ಕೂತ ತಾಮ್ರ ಅಲ್ಲೇ ಇದ್ದು, ಒದ್ದೆಯಿರುವಷ್ಟು ದಿನ ಪಕ್ಕದ ಕಬ್ಬಿಣವನ್ನು ತಿನ್ನಿಸುತ್ತಿರುತ್ತದೆ. ಪೊಟ್ಯಾಷ್ ಗೊಬ್ಬರ ಚೆಲ್ಲಿದರೂ ಹೆಚ್ಚುಕಮ್ಮಿ ಇದೇ ಕಥೆ, ಅದರಲ್ಲಿರುವುದು ಕ್ಲೋರೈಡ್.

ಡ್ರಮ್ಮಿನಡಿ ದಪ್ಪ ಪ್ಲಾಸ್ಟಿಕ್ ಟ್ರೇ ಇಡಿ. ಮೈಲುತುತ್ತ ಚೆಲ್ಲಿದರೆ ಅಂದೇ ಸುಣ್ಣದ ತಿಳಿನೀರು ಹೊಯ್ದು, ಆಮೇಲೆ ಬರೀ ನೀರಿನಿಂದ ಧಾರಾಳವಾಗಿ ತೊಳೆಯಿರಿ. ಕೆಂಪು ಕೂತ ಕಡೆ ಉಜ್ಜುಕಾಗದದಿಂದ ಬೆಳ್ಳನೆ ಕಬ್ಬಿಣ ಕಾಣುವವರೆಗೆ ಉಜ್ಜಿಯೇ ಬಣ್ಣ ಹೊಡೆಯಬೇಕು. ಸಾಗಿಸುವ ಕೆಲಸ ಹೆಚ್ಚಿದ್ದರೆ ಹಿಂಬದಿಗೆ ಮರದ ಪಟ್ಟಿಗಳನ್ನು ಒಂದಿಂಚು ಸಂದು ಬಿಟ್ಟು ಜೋಡಿಸಿ, ವಾರಕ್ಕೊಮ್ಮೆ ಎತ್ತಿ ತೊಳೆಯುವ ಹಾಗಿರಲಿ.

ಬ್ರೇಕು

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ, ನೀರು ಹೀರಿದ ಮೇಲೆ 140 ಡಿಗ್ರಿಗೆ ಇಳಿಯಬಹುದು. ಆಗುಂಬೆಯ 14 ತಿರುವು ಇಳಿಯುತ್ತಾ ಪೆಡಲ್ ಒತ್ತಿಕೊಂಡೇ ಹೋದರೆ ವೀಲ್ ಸಿಲಿಂಡರಿನಲ್ಲಿ ಆಯಿಲ್ ಕುದಿದು ಆವಿಯಾಗಿ ಪೆಡಲ್ ಸ್ಪಂಜಿನಂತಾಗುತ್ತದೆ. ಬಯಲುಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ಇಲ್ಲಿ ಪ್ರತಿ ಮೇ ತಿಂಗಳು ಮಾಡಿ. ಸೀಲ್ ಒಡೆಯದ ಒಂದು ಲೀಟರ್ ಡಬ್ಬಿ ಸಾಕು. ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ.

ಹಿಂದಿನ ಸಂಜೆಯೇ ನಾಲ್ಕೂ ಚಕ್ರದ ಏರ್ ತೆಗೆಯುವ ನಿಪ್ಪಲ್ಲಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ತುಕ್ಕು ಹಿಡಿದ ನಿಪ್ಪಲ್ಲಿಗೆ ಓಪನ್ ಸ್ಪ್ಯಾನರ್ ಹಾಕಿ ಮೂಲೆ ಸವೆಸಿದರೆ ಸಿಲಿಂಡರೇ ಬದಲಿಸಬೇಕಾದೀತು, ರಿಂಗ್ ಸ್ಪ್ಯಾನರ್ ಬಳಸಿ. ಏರ್ ತೆಗೆಯುವುದು ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಪ್ಪಲ್ಲಿಗೆ ತಿಳಿ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಮೂರು ಸಲ ನಿಧಾನಕ್ಕೆ ತುಳಿದು ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಅರ್ಧ ಸುತ್ತು ಬಿಚ್ಚಿ ಮುಚ್ಚಬೇಕು, ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಈ ಕ್ರಮ ತಪ್ಪಿದರೆ ಹೋದ ಗಾಳಿ ವಾಪಸ್ ಬರುತ್ತದೆ. ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಶುರು. ಕಾಫಿ ಕಷಾಯದ ಬಣ್ಣ ಹೋಗಿ ಜೇನಿನ ಬಣ್ಣ ಬಂದರೆ ಆ ಚಕ್ರ ಮುಗಿಯಿತು. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಹಾಕಿ, ಇಲ್ಲವಾದರೆ ಬಣ್ಣ ಸುಲಿಯುತ್ತದೆ.

ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚು ಬೆರಳಿನಿಂದ ಸರಿಸಿ ನೋಡಿ. ಒಳಗೆ ಒದ್ದೆಯಿದ್ದರೆ ಅಲ್ಲಿನ ರಬ್ಬರ್ ಕಪ್ ಹೋಗಿದೆ, ಆಯಿಲ್ ಬ್ರೇಕ್ ಲೈನರಿಗೆ ಇಳಿಯುವ ಮೊದಲೇ ಬದಲಿಸಿ. ಹಳೇ ಗಾಡಿಗಳ ಮಾಸ್ಟರ್ ಸಿಲಿಂಡರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬ್ರೇಕಿಲ್ಲ. ರಿವೆಟ್ಟಿನ ತಲೆಗೂ ಲೈನರಿನ ಮೇಲ್ಮೈಗೂ ಒಂದು ಮಿಲಿಮೀಟರ್ ಅಂತರ ಉಳಿಯದಿದ್ದರೆ ಮಳೆಗಾಲಕ್ಕೆ ಅದು ಸಾಲದು.

ಇನ್ನು ಹ್ಯಾಂಡ್‌ಬ್ರೇಕು. ಬಹುಪಾಲು ಹಳೇ ಜೀಪುಗಳಲ್ಲಿ ಅದು ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮಿನ ಮೂಲಕ ಪ್ರೊಪೆಲ್ಲರ್ ಶಾಫ್ಟನ್ನು. ಇದರಿಂದ ಆಗುವ ಅಪಾಯ ಅನೇಕರಿಗೆ ಹೊಳೆಯುವುದಿಲ್ಲ: ಹಿಂದಿನ ಒಂದು ಚಕ್ರ ಜಾಕಿನಲ್ಲಿ ಎತ್ತಿದ ಕೂಡಲೇ ಆ ಚಕ್ರ ಹಿಂದುಮುಂದಾಗಿ ತಿರುಗಬಲ್ಲದು, ಡಿಫರೆನ್ಶಿಯಲ್ ಮೂಲಕ ಇನ್ನೊಂದು ಚಕ್ರ ಉರುಳಬಲ್ಲದು. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ, ಗೇರಿನಲ್ಲಿದ್ದರೂ ಜೀಪು ಇಳಿಜಾರಿನಲ್ಲಿ ಜಾಕಿನಿಂದ ಜಾರಿ ಹೋಗುತ್ತದೆ. ಮುಂದಿನ ಎರಡೂ ಚಕ್ರಕ್ಕೆ ಬೆಣೆ ಕೊಡದೆ ಜಾಕಿಗೆ ಕೈ ಹಾಕಬೇಡಿ. ಅಡಿಕೆ ಮರದ ತುಂಡು ಉರುಳುತ್ತದೆ. ತ್ರಿಕೋನಕ್ಕೆ ಕೊಯ್ಸಿದ ಹೊನ್ನೆಯ ಎರಡು ಬೆಣೆ ಗಾಡಿಯಲ್ಲೇ ಇರಲಿ.

ಹಳ್ಳ ದಾಟಿದ ಮೇಲೆ

ನೀರು ಹಬ್ಬಿಗಿಂತ ಮೇಲಿದ್ದರೆ ಅಥವಾ ರಭಸವಾಗಿದ್ದರೆ ದಾಟುವುದು ಬೇಡ. ದಾಟಿದರೆ ಕೂಡಲೇ ಮೊದಲ ಗೇರಿನಲ್ಲಿ ಹೋಗುತ್ತಾ ಬ್ರೇಕನ್ನು ಹಗುರಾಗಿ ಒತ್ತಿ ಹಿಡಿಯಿರಿ. ಡ್ರಮ್ಮಿನೊಳಗಿನ ನೀರು ಆರಿ ಹಿಡಿತ ವಾಪಸ್ ಬಂದದ್ದು ಕಾಲಿಗೇ ಗೊತ್ತಾಗುತ್ತದೆ. ಒಂದು ಕಡೆಗೆ ಎಳೆದರೆ ಒಂದು ಡ್ರಮ್ ಇನ್ನೂ ಒದ್ದೆಯಿದೆ.

ಹೆಚ್ಚು ದುಬಾರಿಯಾಗುವುದು ಆಕ್ಸೆಲ್ಲಿನ ಹೌಸಿಂಗಿಗೆ (ಹೊರಕವಚಕ್ಕೆ) ಹೋದ ನೀರು. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಮೇಲಿರುವ ಗಾಳಿಯಾಡುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿನಿಂದ ನೀರೇ ಒಳಗೆ ಬರುತ್ತದೆ. ಬ್ರೀದರ್ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆಯಿರಿ. ಇನ್ನೂ ಒಳ್ಳೆಯದೆಂದರೆ ಅದರ ಜಾಗಕ್ಕೆ ನಿಪ್ಪಲ್ ಕೂರಿಸಿ ಎಂಟು ಮಿಲಿಮೀಟರಿನ ಪೈಪನ್ನು ಬಾಡಿಯ ಎತ್ತರದವರೆಗೆ ಒಯ್ದು, ತುದಿ ಕೆಳಮುಖವಾಗಿ ಬಗ್ಗಿಸುವುದು. ಪೈಪು ಸಡಿಲವಾಗಿರಲಿ, ಆಕ್ಸೆಲ್ ಮೇಲೆ ಕೆಳಗೆ ಆಡುತ್ತದೆ.

ನೀರು ಹೋಗಿದೆಯೋ ಎಂಬ ಅನುಮಾನವಿದ್ದರೆ ಜೀಪನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಅಲುಗಿಸದೆ ಡ್ರೈನ್ ಪ್ಲಗ್ ಸ್ವಲ್ಪವೇ ಸಡಿಲಿಸಿ. ತಳಕ್ಕೆ ಇಳಿದ ನೀರು ಮೊದಲು ಬರುತ್ತದೆ. ಹಾಲು ಹಾಕಿದ ಕಾಫಿಯಂತಿದ್ದರೆ ಪೂರ್ತಿ ಬದಲಿಸಬೇಕು. ಡ್ರೈನ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳಿ. ಆಯಿಲೆಲ್ಲ ಇಳಿಸಿದ ಮೇಲೆ ಫಿಲ್ಲರ್ ಜಾಮ್ ಆಗಿದೆಯೆಂದು ಗೊತ್ತಾದರೆ ಜೀಪು ಅಲ್ಲೇ ಕೂರುತ್ತದೆ. ಹೌಸಿಂಗಿಗೆ ಹೈಪಾಯ್ಡ್ ಇಪಿ 90, ಫಿಲ್ಲರಿನ ಕೆಳ ಅಂಚಿಗೆ ಬೆರಳ ತುದಿ ತಾಗುವಷ್ಟು. ಗೇರ್‌ಬಾಕ್ಸಿಗೆ ಜಿಎಲ್-4 ಎಂದು ನೋಡಿ ತನ್ನಿ. ಜಿಎಲ್-5 ಆಯಿಲಿನ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಹುದು.

ಹಳ್ಳದ ನಡುವೆ ಇಂಜಿನ್ ನೀರು ಎಳೆದು ನಿಂತರೆ ಸೆಲ್ಫ್ ಹೊಡೆಯಬೇಡಿ. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿಕೊಂಡು ಬಂದು, ಇಂಜೆಕ್ಟರ್ ಬಿಚ್ಚಿ ಕೈಯಿಂದ ಕ್ರ್ಯಾಂಕ್ ತಿರುಗಿಸಿ ನೀರು ಹೊರಹಾಕಿ. ಆಯಿಲ್ ಬಾತ್ ಏರ್ ಕ್ಲೀನರಿದ್ದರೆ ಅದರ ಬಟ್ಟಲೂ ನೋಡಿ, ಬೆಳ್ಳಗಾಗಿದ್ದರೆ ತೊಳೆದು ಗೆರೆಯವರೆಗೆ ಹೊಸ ಇಂಜಿನ್ ಆಯಿಲ್ ಹಾಕಿ.

ಘಾಟಿ

ಹುಲಿಕಲ್ ಇರಲಿ, ಆಗುಂಬೆ ಇರಲಿ, ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವವರ ಲೈನರ್ ಖರ್ಚು ನೋಡಿದರೆ ಸಾಕು. ಡಾಂಬರಿನ ಮೇಲೆ, ಅದು ಒದ್ದೆಯಿದ್ದರೂ, ಫೋರ್‌ವೀಲ್ ಹಾಕಬೇಡಿ. ನಡುವೆ ಡಿಫರೆನ್ಶಿಯಲ್ ಇಲ್ಲದ್ದರಿಂದ ತಿರುವಿನಲ್ಲಿ ಮುಂದಿನ, ಹಿಂದಿನ ಆಕ್ಸೆಲ್ ಒಂದಕ್ಕೊಂದು ತಿರುಚಿಕೊಂಡು ಹೊಸ ಯುಜೆ ಕ್ರಾಸು (ಶಾಫ್ಟಿನ ಯೂನಿವರ್ಸಲ್ ಜಾಯಿಂಟಿನ ಭಾಗ) ಕೇಳುತ್ತದೆ, ಲಿವರ್ ಬಿಗಿದು ವಾಪಸ್ ಬರುವುದಿಲ್ಲ. ಬಿಗಿದರೆ ಕೆಲವು ಮೀಟರ್ ನೇರವಾಗಿ ಹಿಂದಕ್ಕೆ ಬಂದು ಎಳೆಯಿರಿ. ಕೊಡಚಾದ್ರಿ ದಾರಿಯಂಥ ಕಲ್ಲು, ಕೆಸರಿನ ಏರಿಗೆ ಲೋ ರೇಶಿಯೋ ಇರುವುದು. ಏರಿನ ಬುಡದಲ್ಲೇ ನಿಲ್ಲಿಸಿ ಹಾಕಿಕೊಳ್ಳಿ, ಜಾರತೊಡಗಿದ ಮೇಲಲ್ಲ.

ಲೈಟು ಮಂದವಾದರೆ

ಬ್ಯಾಟರಿ ಬೈಯುವ ಮೊದಲು ಅರ್ತ್ ನೋಡಿ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಇಂಜಿನ್ನಿಗೆ ಹೋಗುವ ಪಟ್ಟಿಗಳ ಎರಡೂ ತುದಿ ಬಿಚ್ಚಿ ಹೊಳೆಯುವಷ್ಟು ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿ. ಮಲ್ಟಿಮೀಟರಿದ್ದರೆ ನಿಂತ ಗಾಡಿಯಲ್ಲಿ 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ಸಿಗೂ ಇಂಜಿನ್ ಮೈಗೂ ನಡುವೆ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಹೋಗಿದೆ.

ಮಳೆಗಾಲದಲ್ಲಿ ಜೀಪಿನ ಮೇಲೆ ಪ್ಲಾಸ್ಟಿಕ್ ಟಾರ್ಪಾಲು ನೆಲದವರೆಗೆ ಹೊದಿಸಬೇಡಿ, ಒಳಗೆ ಬೆವರುತ್ತದೆ. ಸೋಗೆಯೋ ಶೀಟೋ, ಮೇಲೆ ಮಾಡಿದ್ದು ನಾಲ್ಕೂ ಕಡೆ ಗಾಳಿಯಾಡಿದರೆ ಅದೇ ಮೇಲು. ಟ್ಯಾಂಕು ತುಂಬಿಸಿಡಿ, ಖಾಲಿ ಜಾಗದಲ್ಲೇ ನೀರು ಹನಿಗಟ್ಟುವುದು. ವಾರಕ್ಕೊಮ್ಮೆ ಫಿಲ್ಟರಿನಡಿಯ ತಿರುಪು ಸಡಿಲಿಸಿ ನೀರು ಬಿಡಿ. ಓಡಿಸದೆ ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಬೆಣೆ ಕೊಡಿ, ಇಲ್ಲವಾದರೆ ಲೈನರ್ ಡ್ರಮ್ಮಿಗೆ ತುಕ್ಕಿನಿಂದ ಅಂಟುತ್ತದೆ. ಮತ್ತೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ಏರ್ ಕ್ಲೀನರಿನ ಸುತ್ತ ನೋಡಿ. ಕಚ್ಚಿದ ವೈರು, ಅಡಿಕೆ ಸಿಪ್ಪೆಯ ನಾರು ಕಂಡರೆ ಪುಷ್ಯ ಮಳೆಯಿಡೀ ಇಲಿ ಅಲ್ಲೇ ಬೆಚ್ಚಗಿತ್ತು.